ಖಾನಾವಳಿಯ ಲೆಕ್ಕ: ಒಲೆ ಯಾರದು, ನೆಲ ಯಾರದು?

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಮಾತಾಡಬೇಕೆಂದಿರುವದು ಊಟದ ಅಂಗಡಿಯ ವ್ಯವಹಾರವನ್ನು ಕುರಿತು. ಕೂಲಿ, ಬೋನಸ್ಸು, ತೊಗರಿಯ ಧಾರಣೆ ಇವುಗಳನ್ನು ಬಿಟ್ಟು ಹೋಟೆಲಿನ ಮಾತೇಕೆಂದು ಕೆಲವರು ಕೇಳಬಹುದು. ಕೇಳುವದು ನ್ಯಾಯವೇ. ಉತ್ತರ ಬಹಳ ಸರಳವಾದದ್ದು. ದುಡಿಯುವವನು ಮನೆ ಬಿಟ್ಟು ಹೊರಗೆ ಉಣ್ಣಬೇಕಾದ ದಿನಗಳು ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಿವೆ. ಸಣ್ಣ ವ್ಯಾಪಾರ ಮಾಡುವವನು ಬೇರೇನೂ ತೋಚದಿದ್ದಾಗ ಮೊದಲು ತೆರೆಯುವದು ಒಂದು ಚಹಾದಂಗಡಿಯನ್ನು, ಇಲ್ಲವೆ ಒಂದು ಖಾನಾವಳಿಯನ್ನು. ಕೆಲಸ ಕಳೆದುಕೊಂಡ ಮನೆಯ ಹೆಂಗಸು ಮೊದಲು ಮಾರುವದು ತನ್ನ ಕೈಯ ರೊಟ್ಟಿಯನ್ನು. ಹೀಗಾಗಿ ಕಾರ್ಮಿಕನೂ ವ್ಯಾಪಾರಿಯೂ ಎದುರುಬದುರಾಗಿ ಕೂಡ್ರುವ ಜಾಗವೆಂದರೆ ಈ ಊಟದ ಮನೆಯೇ. ಅಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ, ಆ ಅಂಗಡಿ ಒಂದು ಜಾಗದಲ್ಲಿ ಏಕೆ ಬಾಳುತ್ತದೆ, ಮತ್ತೊಂದು ಜಾಗದಲ್ಲಿ ಏಕೆ ಬಾಗಿಲು ಹಾಕುತ್ತದೆ ಎಂಬುದನ್ನು ತಿಳಿದುಕೊಳ್ಳುವದು ನಮ್ಮೆಲ್ಲರಿಗೂ ಸಂಬಂಧಪಟ್ಟ ವಿಷಯ.

ಮೊದಲು ಲೆಕ್ಕದಿಂದಲೇ ಆರಂಭಿಸೋಣ. ತಾಲೂಕಿನ ಊರೊಂದರ ರಸ್ತೆಯ ಮೇಲೆ ಒಂದು ಜೋಳದ ರೊಟ್ಟಿಯ ಖಾನಾವಳಿ ಇದೆಯೆಂದು ಇಟ್ಟುಕೊಳ್ಳಿ. ಇದು ಕಲ್ಪನೆಯ ಲೆಕ್ಕ. ಆದರೆ ನಿಮ್ಮಲ್ಲಿ ಯಾರು ಗಲ್ಲೆಯ ಮೇಲೆ ಕೂತಿದ್ದೀರೋ ಅವರು ಇದನ್ನು ತಮ್ಮ ಚೋಪಡಿಯೊಂದಿಗೆ ತಾಳೆ ನೋಡಬಹುದು. ರೊಟ್ಟಿ, ಪುಂಡಿಪಲ್ಯ, ಬೇಳೆ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಅನ್ನ; ತಾಟಿಗೆ 100 ರೂಪಾಯಿ. ದಿನಕ್ಕೆ 100 ತಾಟು ಹೋಗುತ್ತವೆ. ಬಂದ ಹಣ 10,000. ಜೋಳ, ಬೇಳೆ, ಎಣ್ಣೆ, ಕಾಯಿಪಲ್ಯ, ಗ್ಯಾಸು ಇವಕ್ಕೆ ತಾಟಿಗೆ 50ರಂತೆ 5,000. ರೊಟ್ಟಿ ಬಡಿಯುವ ಇಬ್ಬರು ಹೆಂಗಸರು, ಒಬ್ಬ ಅಡಿಗೆಯವ, ಬಡಿಸಿ ಭಾಂಡೆ ತಿಕ್ಕುವವನೊಬ್ಬ, ಈ ನಾಲ್ವರ ಕೂಲಿ 2,500. ಅಂಗಡಿಯ ಬಾಡಿಗೆ ದಿನಕ್ಕೆ 1,000. ದೀಪ, ನೀರು, ಒಡೆದದ್ದು ಹರಿದದ್ದು 500. ಒಟ್ಟು ಖರ್ಚು 9,000. ಮಾಲೀಕನಿಗೆ ಉಳಿದದ್ದು 1,000.

ಇನ್ನು 100 ತಾಟಿನ ಬದಲು 80 ಹೋದವೆಂದು ತಿಳಿಯಿರಿ. ಬಂದದ್ದು 8,000. ಸಾಮಾನಿಗೆ 4,000. ಆದರೆ ಕೂಲಿ, ಬಾಡಿಗೆ, ದೀಪ ಇವು ಮೂರೂ ಕೂಡಿ ಅದೇ 4,000. ಉಳಿದದ್ದು ಸೊನ್ನೆ. 60 ತಾಟಿಗೆ ಇಳಿದರೆ ದಿನಕ್ಕೆ 1,000 ರೂಪಾಯಿ ಮೈಮೇಲೆ. ಗಿರಾಕಿ ನೂರಕ್ಕೆ ಇಪ್ಪತ್ತು ಕಡಿಮೆಯಾದರೆ ಲಾಭ ನೂರಕ್ಕೆ ಇಪ್ಪತ್ತು ಕಡಿಮೆಯಾಗುವದಿಲ್ಲ, ಪೂರ್ತಿ ಹೋಗುತ್ತದೆ. ಊಟದ ಅಂಗಡಿಯ ಗುಟ್ಟು ಇಷ್ಟೇ. ಜೋಳದ ಖರ್ಚು ಗಿರಾಕಿಯ ಜೊತೆ ಏರುತ್ತದೆ, ಇಳಿಯುತ್ತದೆ. ಬಾಡಿಗೆ ಏರುವದನ್ನು ಬಲ್ಲದು, ಇಳಿಯುವದನ್ನು ಅರಿಯದು.

ನಷ್ಟ ಬಂದಾಗ ಮಾಲೀಕನು ಮಾಡುವದೇನು? ಜಾಗದ ಒಡೆಯನ ಹತ್ತಿರ ಹೋಗಿ ಬಾಡಿಗೆ ಇಳಿಸೆಂದು ಕೇಳುವ ಧೈರ್ಯ ಅವನಿಗಿಲ್ಲ. ಕೇಳಿದರೆ ಬಿಟ್ಟು ನಡೆ ಎಂಬ ಉತ್ತರ ಸಿದ್ಧವಾಗಿದೆ. ಆದಕಾರಣ ಕೈಗೆ ಸಿಗುವವರ ಮೇಲೆ ಕೈ ಹಾಕುತ್ತಾನೆ. ರೊಟ್ಟಿ ಬಡಿಯುವ ಇಬ್ಬರಲ್ಲಿ ಒಬ್ಬಳನ್ನು ಬಿಡಿಸುತ್ತಾನೆ, ಉಳಿದವಳು ಇಬ್ಬರ ಕೆಲಸ ಮಾಡುತ್ತಾಳೆ. ಕೂಲಿಯವರು ಮಾಲೀಕನನ್ನು ಬಯ್ಯುತ್ತಾರೆ, ಮಾಲೀಕನು ಕೂಲಿಯವರನ್ನು ಬಯ್ಯುತ್ತಾನೆ. ಇವರಿಬ್ಬರ ಜಗಳದಲ್ಲಿ ಜಾಗದ ಒಡೆಯನ ಹೆಸರು, ಸಾಲ ಕೊಟ್ಟವನ ಹೆಸರು ಯಾರ ಬಾಯಲ್ಲಿಯೂ ಬರುವದಿಲ್ಲ. ಈ ಎರಡು ಹೆಸರುಗಳನ್ನು ಮರೆಯಬಾರದೆಂದೇ ನಾವು ಇಂದು ಇಷ್ಟು ಮಾತಾಡುತ್ತಿದ್ದೇವೆ.

ಈಗ ನಮ್ಮ ಮೂರು ತಾಲೂಕುಗಳತ್ತ ನೋಡೋಣ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಲಬುರಗಿ ಜಿಲ್ಲೆಯವೇ. ಜೋಳ, ತೊಗರಿ ಮೂರಕ್ಕೂ ಒಂದೇ. ಆದರೆ ಊಟದ ಅಂಗಡಿಯ ಗಿರಾಕಿ ಮೂರು ಕಡೆಗೂ ಬೇರೆ ಬೇರೆ.

ಆಳಂದ ಗಡಿಯ ತಾಲೂಕು. ಖಜೂರಿ ದಾಟಿದರೆ ಮಹಾರಾಷ್ಟ್ರ. ಉಮರ್ಗಾ, ಅಕ್ಕಲಕೋಟೆ, ಸೊಲ್ಲಾಪುರಗಳ ಜೊತೆ ಹಿಂದಿನಿಂದಲೂ ಕೊಡಕೊಳ್ಳುವ ಸಂಬಂಧ. ಲಾಡ್ಲೆ ಮಶಾಕ ದರ್ಗಾಕ್ಕೆ ಬರುವ ಜನ ಒಂದು ಕಡೆ, ಸಂತೆಗೂ ಕಚೇರಿಗೂ ಬರುವ ಹಳ್ಳಿಯ ಜನ ಇನ್ನೊಂದು ಕಡೆ. ಭೂಸನೂರಿನ ಸಕ್ಕರೆ ಕಾರ್ಖಾನೆ ನಡೆಯುವ ತಿಂಗಳುಗಳಲ್ಲಿ ಕಬ್ಬು ತರುವವರ, ಲಾರಿಯವರ ಓಡಾಟ. ಇಲ್ಲಿಯ ಗಿರಾಕಿ ಪರಿಚಯದವನು. ಉದ್ರಿ ಬರೆಸುತ್ತಾನೆ, ರಾಶಿ ಆದ ಮೇಲೆ ತೀರಿಸುತ್ತಾನೆ. ಮಳೆ ಕೈಕೊಟ್ಟ ವರ್ಷ ಮೊದಲು ಸೊರಗುವದು ಖಾನಾವಳಿಯ ಉದ್ರಿ ಚೋಪಡಿ.

ಅಫಜಲಪುರ ಭೀಮೆಯ ದಂಡೆಯ ತಾಲೂಕು. ಭೀಮಾ-ಅಮರ್ಜಾ ಸಂಗಮದ ದೇವಲ ಗಾಣಗಾಪುರಕ್ಕೆ ಮಹಾರಾಷ್ಟ್ರದಿಂದಲೂ ದತ್ತಭಕ್ತರು ಬರುತ್ತಾರೆ. ಘತ್ತರಗಿಯ ಭಾಗ್ಯವಂತಿಗೆ ನಡೆದುಕೊಳ್ಳುವವರು ಬೇರೆ. ಗುರುವಾರ, ಹುಣ್ಣಿಮೆ, ದತ್ತ ಜಯಂತಿ ಬಂತೆಂದರೆ ಕೂಡ್ರಲು ಜಾಗವಿಲ್ಲ. ನಡುವಿನ ದಿನಗಳಲ್ಲಿ ನೊಣ ಹೊಡೆಯುವ ಕೆಲಸ. ಅಂದರೆ ಇಲ್ಲಿಯ ವ್ಯಾಪಾರ ಪಂಚಾಂಗದ ವ್ಯಾಪಾರ. ಬಾಡಿಗೆಗೆ ಮಾತ್ರ ಪಂಚಾಂಗವಿಲ್ಲ. ತಿಂಗಳ 30 ದಿನಕ್ಕೂ ಅದು ಒಂದೇ ಸಮ. ಹವಳಗಾದ ಸಕ್ಕರೆ ಕಾರ್ಖಾನೆಯ ಹಂಗಾಮು ಕೆಲವು ತಿಂಗಳು ಕೈಹಿಡಿಯುತ್ತದೆ, ಅದೂ ಕಬ್ಬು ಮುಗಿಯುವ ತನಕ.

ಜೇವರ್ಗಿಯ ಮಾತು ಇನ್ನೂ ಬೇರೆ. ಬೀದರ, ಕಲಬುರಗಿಗಳ ಕಡೆಯಿಂದ ವಿಜಯಪುರದ ಕಡೆಗೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯೂ, ಶಹಾಪುರ, ಸುರಪುರ, ಸಿಂಧನೂರು, ಬಳ್ಳಾರಿಗಳ ಮೇಲೆ ಹಾಯ್ದು ಚಾಮರಾಜನಗರ ಮುಟ್ಟುವ 150ಎ ಹೆದ್ದಾರಿಯೂ ಕೂಡುವ ಊರು ಇದು. ಇಲ್ಲಿಯ ಗಿರಾಕಿ ದಾರಿಯವನು. ಉದ್ರಿ ಕೇಳುವದಿಲ್ಲ, ನಗದು ಕೊಡುತ್ತಾನೆ. ಆದರೆ ಮತ್ತೆ ಬರುತ್ತಾನೆಂಬ ಭರವಸೆಯಿಲ್ಲ. ಅವನಿಗೆ ಬೇಕಾದದ್ದು ಗಾಡಿ ನಿಲ್ಲಿಸಲು ಬಯಲು, ಕೈತೊಳೆಯಲು ನೀರು, ಹೆಂಗಸರಿಗೊಂದು ಶೌಚಾಲಯ. ಹಳೆಯ ಬಸ್‌ಸ್ಟ್ಯಾಂಡಿನ ಎದುರಿನ ಹತ್ತು ಅಡಿಯ ಅಂಗಡಿಯಲ್ಲಿ ಇವು ಮೂರೂ ಇಲ್ಲ. ಆದಕಾರಣ ಅಂಗಡಿ ಊರ ಒಳಗಿನಿಂದ ಊರ ಹೊರಗಿನ ರಸ್ತೆಗೆ ಸರಿಯುತ್ತದೆ. ರಸ್ತೆ ಅಗಲವಾದ ಕಡೆ, ಬೈಪಾಸು ಬಂದ ಕಡೆ ನಡೆದಿರುವದು ಇದೇ. ಬಸ್‌ಸ್ಟ್ಯಾಂಡಿನ ಬಳಿ ಬೆಳೆದ ಖಾನಾವಳಿಯವನು ಹೆದ್ದಾರಿಯ ಬದಿಯ ಜಾಗ ಹಿಡಿಯಲಾರದೆ ಹಿಂದೆ ಬೀಳುತ್ತಾನೆ. ಹೊಲ ಮಾರಿದ ಹಣವೋ ಪಟ್ಟಣದ ಹಣವೋ ಇದ್ದವನು ಅಲ್ಲಿ ದೊಡ್ಡ ಹೋಟೆಲು ಕಟ್ಟುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ರೊಟ್ಟಿ ಬಡಿಯುತ್ತಿದ್ದವಳೇ ಅಲ್ಲಿ ಹೋಗಿ ಕೂಲಿಗೆ ರೊಟ್ಟಿ ಬಡಿಯುತ್ತಾಳೆ. ರೊಟ್ಟಿ ಬದಲಾಗಲಿಲ್ಲ, ಬಡಿಯುವ ಕೈಯೂ ಬದಲಾಗಲಿಲ್ಲ. ಬದಲಾದದ್ದು ನೆಲದ ಒಡೆತನ.

ಕೆಲವರು ಹೇಳುತ್ತಾರೆ: ಸಣ್ಣದಾಗಿ ಇರುವದೇ ತಪ್ಪು, ದೊಡ್ಡ ಕಂಪನಿಯಂತೆ ಊರೂರಿಗೆ ಶಾಖೆ ತೆರೆಯಬೇಕು, ಆಗ ಯಾವ ಭಯವೂ ಇಲ್ಲವೆಂದು. ಈ ಮಾತನ್ನು ನಮ್ಮ ರಾಜ್ಯದ್ದೇ ಒಂದು ಉದಾಹರಣೆಯಿಂದ ಪರೀಕ್ಷಿಸೋಣ.

ಕಾಫಿ ಮಾರಾಟದ ಮೇಲೆ ಕಾಫಿ ಮಂಡಳಿಗೆ ಇದ್ದ ಹಿಡಿತವನ್ನು 1990ರ ದಶಕದಲ್ಲಿ ಸರಕಾರವು ಹಂತ ಹಂತವಾಗಿ ಸಡಿಲಿಸಿತು. 1996ರ ಹೊತ್ತಿಗೆ ಬೆಳೆಗಾರನು ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯ ಪಡೆದನು. ಅದೇ 1996ರಲ್ಲಿ ಚಿಕ್ಕಮಗಳೂರಿನ ತೋಟದ ಮನೆತನದ ವಿ. ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಎಂಬ ಮೊದಲ ಅಂಗಡಿ ತೆರೆದರು. ತೋಟ ತಮ್ಮದೇ, ಹುರಿಯುವದು ತಾವೇ, ಕಪ್ಪಿನಲ್ಲಿ ಸುರಿದು ಕೊಡುವದೂ ತಾವೇ. ಮೆಚ್ಚಬೇಕಾದ ಯೋಚನೆ. ಕಾಲೇಜಿನ ಹುಡುಗರು, ಹೊಸ ನೌಕರಿಯವರು ತಾಸುಗಟ್ಟಲೆ ಕೂಡ್ರುವ ಜಾಗವಾಗಿ ಅದು ದೇಶದ ಮೂಲೆ ಮೂಲೆಗೆ ಹಬ್ಬಿತು. 2015ರಲ್ಲಿ ಅದರ ಒಡೆತನದ ಕಂಪನಿಯು ಶೇರು ಪೇಟೆಗೆ ಬಂದು 1,150 ಕೋಟಿ ರೂಪಾಯಿ ಎತ್ತಿತು. 2019ರಲ್ಲಿ ಅಂಗಡಿಗಳ ಸಂಖ್ಯೆ 1,700 ಮೀರಿತ್ತು.

ಹೊರಗೆ ಕಂಡದ್ದು ಇಷ್ಟು. ಒಳಗೆ ಇದ್ದದ್ದು ಸಾಲ. ಕಾಫಿಯ ಜೊತೆಗೆ ತಂತ್ರಜ್ಞಾನ ಪಾರ್ಕು, ಸರಕು ಸಾಗಣೆ, ಹಣಕಾಸು ಹೀಗೆ ಕೈಚಾಚಿದ ಆ ಕಂಪನಿ ಸಮೂಹದ ಮೇಲೆ 2019ರ ಮಾರ್ಚ್ ಕೊನೆಗೆ 7,214 ಕೋಟಿ ರೂಪಾಯಿ ಸಾಲವಿತ್ತು. ಆ ವರ್ಷದ ಜುಲೈ ಕೊನೆಯಲ್ಲಿ ಸಿದ್ಧಾರ್ಥ ಅವರು ಮಂಗಳೂರಿನ ಹತ್ತಿರ ನೇತ್ರಾವತಿಯಲ್ಲಿ ತೀರಿಕೊಂಡರು. ಒಬ್ಬ ಮನುಷ್ಯನ ಸಾವಿನ ಮುಂದೆ ನಾವು ತಲೆಬಾಗುತ್ತೇವೆ. ಅದನ್ನು ವಾದಕ್ಕೆ ಎಳೆಯುವ ಮನಸ್ಸು ನಮಗಿಲ್ಲ. ನಾವು ನೋಡುವದು ಆಮೇಲಿನ ಲೆಕ್ಕವನ್ನು. ತಂತ್ರಜ್ಞಾನ ಪಾರ್ಕು ಮಾರಾಟವಾಯಿತು, ಬೇರೆ ಕಂಪನಿಯಲ್ಲಿದ್ದ ಪಾಲು ಅವರು ಇರುವಾಗಲೇ ಮಾರಾಟವಾಗಿತ್ತು. ಸಾಲ ಒಂದು ವರ್ಷದಲ್ಲಿ ಸುಮಾರು 3,100 ಕೋಟಿಗೆ ಇಳಿಯಿತು. ಆ ಮೇಲೆ ಕೊರೋನಾ ಬಂದು ಬಾಗಿಲುಗಳನ್ನೇ ಮುಚ್ಚಿಸಿತು. 2020ರ ಡಿಸೆಂಬರದಲ್ಲಿ ಸಿದ್ಧಾರ್ಥರ ಪತ್ನಿ ಮಾಳವಿಕಾ ಹೆಗ್ಡೆ ಅವರು ಆಡಳಿತ ವಹಿಸಿಕೊಂಡು, ನಷ್ಟದ ಅಂಗಡಿಗಳನ್ನು ಬಿಡುತ್ತ, ಸಾಲವನ್ನು ಇನ್ನೂ ಇಳಿಸುತ್ತ ನಡೆದರು. 2021ರ ಮಾರ್ಚಿನಲ್ಲಿ ಉಳಿದ ಅಂಗಡಿಗಳು 572, ಮರುವರ್ಷ 495. ಎರಡೇ ವರ್ಷದಲ್ಲಿ ಮೂರು ಅಂಗಡಿಗಳಲ್ಲಿ ಎರಡು ಹೋದವು.

ಇಲ್ಲಿ ಒಂದು ಸಂಗತಿಯನ್ನು ನಮ್ಮ ವ್ಯಾಪಾರಿ ಬಂಧುಗಳು ಗಮನಿಸಬೇಕು. ಅಂಗಡಿಗಳು ಹೀಗೆ ಕರಗಿದ ಕಾಲದಲ್ಲಿಯೇ ಆ ಕಂಪನಿಯ ಕಾಫಿ ಯಂತ್ರಗಳು 36,000ಕ್ಕಿಂತ ಹೆಚ್ಚು ಕಡೆ ನಿಂತಿದ್ದವು. ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ, ಗಿರಾಕಿ ದಿನವೂ ಇರುವ ಕಡೆಯಲ್ಲಿ. ಯಂತ್ರಕ್ಕೆ ದೊಡ್ಡ ರಸ್ತೆಯ ಬಾಡಿಗೆ ಇಲ್ಲ, ಕೂಡ್ರಲು ಸೋಫಾ ಬೇಕಿಲ್ಲ. ಅದೇ ಕಾಫಿ ದುಬಾರಿ ನೆಲದ ಮೇಲೆ ಸಾಲ ತಂದಿತು, ಬಾಡಿಗೆಯಿಲ್ಲದ ಮೂಲೆಯಲ್ಲಿ ಕಂಪನಿಯನ್ನು ಉಳಿಸಿತು.

ಕೋಟಿಗಳ ಲೆಕ್ಕವೆಂದು ಹೆದರಬೇಡಿರಿ. ನಮ್ಮ 100 ತಾಟಿನ ಖಾನಾವಳಿಯ ಲೆಕ್ಕವೇ ಅದು, ಮುಂದೆ ಸೊನ್ನೆಗಳು ಹೆಚ್ಚು, ಅಷ್ಟೇ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಇಂಥ ಶಾಖಾ ಹೋಟೆಲುಗಳ ತವರು ಅಮೇರಿಕ. ಅಲ್ಲಿ ದನದ ಮಾಂಸದ ದಪ್ಪ ತುಂಡನ್ನು ಸುಟ್ಟು ಬಡಿಸುವ ಮನೆಗಳಿಗೆ ಸ್ಟೇಕ್ ಹೌಸ್ ಎನ್ನುತ್ತಾರೆ. ತೀರ ಶ್ರೀಮಂತರ ಜಾಗವೂ ಅಲ್ಲ, ರಸ್ತೆಬದಿಯ ಗಾಡಿಯೂ ಅಲ್ಲ. ಮಧ್ಯಮ ವರ್ಗದವರು, ಕೆಲಸಗಾರರು ವಾರಕ್ಕೊಮ್ಮೆ ಹೆಂಡಿರು ಮಕ್ಕಳೊಡನೆ ಹೋಗುವ ಜಾಗ. ಅವುಗಳಲ್ಲಿ ಎರಡರ ಗತಿಯನ್ನು ಎದುರುಬದುರು ಇಟ್ಟು ನೋಡೋಣ.

ಔಟ್‌ಬ್ಯಾಕ್ ಎಂಬುದು 1988ರಲ್ಲಿ ಫ್ಲಾರಿಡಾದಲ್ಲಿ ಹುಟ್ಟಿ ಬಹುಬೇಗ ಬೆಳೆಯಿತು. 2024ರ ಆರಂಭದಲ್ಲಿ ಅದರ ಒಡೆಯ ಕಂಪನಿಯು ತನ್ನ ಬೇರೆ ಬೇರೆ ಹೆಸರಿನ ಹೋಟೆಲುಗಳಲ್ಲಿ 41ನ್ನು ಮುಚ್ಚುವದಾಗಿ ಸಾರಿತು. ಕೊಟ್ಟ ಕಾರಣವೇನು? ಅವುಗಳಲ್ಲಿ ಬಹಳಷ್ಟು 1990ರ ದಶಕದ, 2000ದ ಮೊದಲ ವರ್ಷಗಳ ಹಳೆಯ ಬಾಡಿಗೆ ಕರಾರಿನವು. ವ್ಯಾಪಾರವಿದ್ದ ಓಣಿ ಬೇರೆ ಕಡೆ ಸರಿದಿತ್ತು, ಅಂಗಡಿ ಇದ್ದಲ್ಲಿಯೇ ಇತ್ತು.

ಇನ್ನೊಂದು ಟೆಕ್ಸಾಸ್ ರೋಡ್‌ಹೌಸ್. 1993ರಲ್ಲಿ ಇಂಡಿಯಾನಾ ಪ್ರಾಂತದ ಒಂದು ಸಣ್ಣ ಊರಿನಲ್ಲಿ ಆರಂಭವಾಯಿತು. ದೊಡ್ಡ ನಗರದ ನಡುವಿನ ದುಬಾರಿ ಜಾಗಕ್ಕೆ ಬೆನ್ನು ಹತ್ತದೆ ಸಣ್ಣ, ಮಧ್ಯಮ ಊರುಗಳಲ್ಲಿ ಬೇರೂರಿತು. ಬಹುಕಾಲ ವಾರದ ದಿನಗಳಲ್ಲಿ ಹೆಚ್ಚಾಗಿ ರಾತ್ರಿಯ ಊಟಕ್ಕೆ ಮಾತ್ರ ಬಾಗಿಲು ತೆರೆಯಿತು. ಮಾಂಸವನ್ನು ಅಂಗಡಿಯಲ್ಲಿಯೇ ಕೈಯಿಂದ ಕತ್ತರಿಸುವ ಕಸಬುದಾರರನ್ನು ಇಟ್ಟುಕೊಂಡಿತು. ಪ್ರತಿ ಅಂಗಡಿಯ ಮ್ಯಾನೇಜರನು 25,000 ಡಾಲರ್ ಠೇವಣಿ ಇಟ್ಟು ಆ ಅಂಗಡಿಯ ಲಾಭದಲ್ಲಿ ನೂರಕ್ಕೆ ಹತ್ತರ ಪಾಲು ಪಡೆಯುತ್ತಾನೆ. 2024ರ ಮಾರಾಟದಲ್ಲಿ ಅದು ತನ್ನ ಬಗೆಯ ಹೋಟೆಲುಗಳಲ್ಲೆಲ್ಲ ಮುಂದಿನ ಸಾಲಿಗೆ ಬಂದಿತು. ಅದೂ ಬಂಡವಾಳದ ಕಂಪನಿಯೇ. ಪಾಲು ಸಿಗುವದು ಮ್ಯಾನೇಜರನಿಗೆ, ಭಾಂಡೆ ತಿಕ್ಕುವವನಿಗಲ್ಲ. ಆದರೂ ಅಂಗಡಿ ನಡೆಸುವವನಿಗೆ ಪಾಲು ಇದ್ದರೆ, ನೆಲ ಅಗ್ಗವಿದ್ದರೆ ವ್ಯವಹಾರ ಗಟ್ಟಿಯಾಗುತ್ತದೆಂಬ ಪಾಠವನ್ನು ಯಾರಿಂದ ಬಂದರೂ ಕಲಿಯಬೇಕು.

ಅದೇ ದೇಶದ ಮೂರನೆಯ ಕಥೆ ಎಲ್ಲಕ್ಕಿಂತ ಕಣ್ಣು ತೆರೆಸುವಂಥದು. ರೆಡ್ ಲಾಬ್‌ಸ್ಟರ್ ಎಂಬ ಮೀನು-ಸಿಗಡಿಯ ಹೋಟೆಲು ಸರಣಿಯನ್ನು 2014ರಲ್ಲಿ ಒಂದು ಹಣಕಾಸು ಕೂಟವು 210 ಕೋಟಿ ಡಾಲರಿಗೆ ಕೊಂಡಿತು. ಕೊಂಡೊಡನೆ ಹೋಟೆಲುಗಳ ಕೆಳಗಿನ ಸ್ವಂತ ನೆಲವನ್ನು 150 ಕೋಟಿ ಡಾಲರಿಗೆ ಮಾರಿತು. ನಿನ್ನೆಯವರೆಗೆ ಸ್ವಂತ ಮನೆಯಲ್ಲಿದ್ದ ಹೋಟೆಲು ಮರುದಿನ ಅದೇ ಮನೆಗೆ ಬಾಡಿಗೆದಾರನಾಯಿತು. ಮಾರಿದ ಹಣ ಕೊಂಡವರ ಸಾಲಕ್ಕೆ ಆಸರೆಯಾಯಿತು. ಬಾಡಿಗೆಯ ಭಾರ ಹೋಟೆಲಿನ ಹೆಗಲಿಗೆ ಬಂತು. ಹತ್ತು ವರ್ಷ ತುಂಬುವ ಹೊತ್ತಿಗೆ, 2024ರ ಮೇ ತಿಂಗಳಲ್ಲಿ, ಅದು ದಿವಾಳಿಯ ಅರ್ಜಿ ಹಾಕಿತು. ಬಾಡಿಗೆಯೊಂದೇ ಕಾರಣವಲ್ಲ, ಕೆಟ್ಟ ಆಡಳಿತವೂ ಸೇರಿತ್ತು. ಆದರೆ ಕಾಲ ಕೆಳಗಿನ ನೆಲ ಹೋದವನು ಒಂದು ಕೆಟ್ಟ ವರ್ಷವನ್ನೂ ತಾಳಲಾರನು. ಹೊಲ ಮಾರಿ ಅದೇ ಹೊಲವನ್ನು ಪಾಲಿಗೆ ಮಾಡುವ ರೈತನ ಗತಿಯನ್ನು ನಾವು ಕಂಡಿಲ್ಲವೆ? ಇದು ಅದೇ.

ಹಾಗಾದರೆ ಬಂಡವಾಳಗಾರನಿಲ್ಲದೆ ಹೋಟೆಲು ನಡೆದೀತೆ? ನಡೆದಿದೆ, ನಮ್ಮ ಬೆಂಗಳೂರಿನಲ್ಲಿಯೇ. 1936ರಿಂದ ಕಾಫಿಯ ಪ್ರಚಾರಕ್ಕೆಂದು ತೆರೆದಿದ್ದ ಕಾಫಿ ಹೌಸುಗಳನ್ನು 1950ರ ದಶಕದ ನಡುವೆ ಕಾಫಿ ಮಂಡಳಿ ಮುಚ್ಚತೊಡಗಿತು. ಕೆಲಸಗಾರರು ಬೀದಿಗೆ ಬಿದ್ದರು. ಎ. ಕೆ. ಗೋಪಾಲನ್ ಮೊದಲಾದ ನಾಯಕರ ಬೆಂಬಲದಿಂದ ಅವರು ಕಣ್ಣೀರು ಹಾಕುವದನ್ನು ಬಿಟ್ಟು ಸಂಘ ಕಟ್ಟಿದರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಮೊದಲ ಕಾಫಿ ಕೆಲಸಗಾರರ ಸಹಕಾರಿ ಸಂಘ ಸ್ಥಾಪನೆಯಾಯಿತು, ಅಕ್ಟೋಬರದಲ್ಲಿ ದಿಲ್ಲಿಯಲ್ಲಿ ಅಂಗಡಿ ತೆರೆಯಿತು, ಮರುವರ್ಷ ಕೇರಳದಲ್ಲಿ. ಕಾಫಿ ತಂದುಕೊಡುವವನೇ ಮಾಲೀಕ. ಆರು ದಶಕ ಮೀರಿ ಈ ಮನೆಗಳು ನಡೆದು ಬಂದಿವೆ. ಶೇರು ಪೇಟೆಗೆ ಹೋಗಲಿಲ್ಲ, ಸಾವಿರಾರು ಕೋಟಿ ಸಾಲ ಮಾಡಲಿಲ್ಲ, ಹೀಗಾಗಿ ಒಂದೇ ಏಟಿಗೆ ಉರುಳಲೂ ಇಲ್ಲ.

ಆದರೆ ನಾವು ಒಳ್ಳೆಯದನ್ನಷ್ಟೇ ಹೇಳಿ ಮುಚ್ಚಿಡಬಾರದು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅರ್ಧ ಶತಮಾನ ನಡೆದ ಕಾಫಿ ಹೌಸು 2009ರಲ್ಲಿ ಆ ಜಾಗವನ್ನು ಬಿಡಬೇಕಾಯಿತು. ಕಟ್ಟಡ ಸಂಘದ್ದಲ್ಲ, ಬಾಡಿಗೆಯದು. ಗಿರಾಕಿ ಕಡಿಮೆಯಾಗಿರಲಿಲ್ಲ, ಕಾಫಿ ಕೆಟ್ಟಿರಲಿಲ್ಲ. ಸಂಘವು ಹತ್ತಿರದ ಚರ್ಚ್ ಸ್ಟ್ರೀಟಿನಲ್ಲಿ ಬೇರೆ ಜಾಗ ಹುಡುಕಿಕೊಂಡು ಉಳಿಯಿತು. ಒಲೆ ಕೆಲಸಗಾರರ ಕೈಗೆ ಬಂದರೂ ನೆಲ ಇನ್ನೊಬ್ಬನ ಕೈಯಲ್ಲಿದ್ದರೆ ಅರ್ಧ ಕೆಲಸ ಮಾತ್ರ ಆದಂತೆ.

ಗಿರಣಿಯ ಸಂಗಾತಿಗಳಿಗೆ ಮುಂಬಯಿಯ ಮಾತನ್ನೂ ನೆನಪಿಸುತ್ತೇವೆ. ನಮ್ಮ ಭಾಗದ ಜನ ಮುಂಬಯಿ, ಸೊಲ್ಲಾಪುರಗಳ ಗಿರಣಿಗಳಿಗೆ ಹೋಗಿ ದುಡಿದವರು. ಮುಂಬಯಿಯ ಗಿರಣಗಾವಿನಲ್ಲಿ ಒಂಟಿಯಾಗಿ ಇರುತ್ತಿದ್ದ ಕಾರ್ಮಿಕರಿಗೆ ತಮ್ಮ ಒಂದೇ ಕೋಣೆಯ ಮನೆಯಲ್ಲಿ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದವರು ಖಾನಾವಳಿಯ ಹೆಂಗಸರು. ಮುಷ್ಕರ ಬಂದಾಗ ಅವರು ಉದ್ರಿಯ ಮೇಲೆ ಊಟ ಹಾಕಿದರು. ತಾವು ಸಾಹುಕಾರನ ಬಡ್ಡಿಯಲ್ಲಿ, ಕಿರಾಣಿಯವನ ಬಾಕಿಯಲ್ಲಿ ಮುಳುಗಿದರು. ಮುಷ್ಕರದ ಇತಿಹಾಸದಲ್ಲಿ ಇವರ ಹೆಸರು ಎಷ್ಟು ಪುಟಗಳಲ್ಲಿದೆ? ಈ ಹೆಂಗಸರನ್ನು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವಾಗಿ ಸಂಘಟಿಸಿದರು. ಗುಂಪಾಗಿ ನಿಂತು ಬ್ಯಾಂಕಿನ ಸಾಲ ಪಡೆದು ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಂಡರು. 1982ರ ದೊಡ್ಡ ಮುಷ್ಕರದ ಮೇಲೆ ಗಿರಣಿಗಳು ಒಂದೊಂದಾಗಿ ನಿಂತವು, ಉಣ್ಣುವವರು ಚದುರಿದರು. ಆದರೆ ಸಂಘವಿತ್ತು, ಆದಕಾರಣ ಕಚೇರಿಗಳಿಗೆ, ಸಮಾರಂಭಗಳಿಗೆ ಊಟ ಮಾಡಿಕೊಡುವ ದಾರಿ ಹಿಡಿದರು. ಕಲಬುರಗಿಯ ಎಂ. ಎಸ್. ಕೆ. ಗಿರಣಿಯ ಭೋಂಗಾ ನಿಂತ ದಿನವನ್ನು ನೆನೆಯುವವರಿಗೆ ಇದರ ಅರ್ಥ ವಿವರಿಸಿ ಹೇಳಬೇಕಾಗಿಲ್ಲ. ಗಿರಣಿ ನಿಂತರೆ ಗಿರಣಿಯ ಕೂಲಿಯಷ್ಟೇ ನಿಲ್ಲುವದಿಲ್ಲ. ಬಾಗಿಲಾಚೆಯ ಚಹಾದಂಗಡಿಯ ಒಲೆಯೂ ಆರುತ್ತದೆ.

ಈಗ ನಮ್ಮ ಮೂರು ತಾಲೂಕುಗಳಲ್ಲಿ ಮಾಡಬೇಕಾದದ್ದೇನು? ನಾಲ್ಕು ಮಾತು ಹೇಳುತ್ತೇವೆ.

ಒಂದನೆಯದು, ನೆಲದ ಮಾತು. 1999ರ ಕರ್ನಾಟಕ ಬಾಡಿಗೆ ಕಾಯಿದೆಯು 14 ಚದರ ಮೀಟರಿಗಿಂತ ದೊಡ್ಡದಾದ ವ್ಯಾಪಾರದ ಮಳಿಗೆಗೆ ಅನ್ವಯಿಸುವದಿಲ್ಲ. ನಾಲ್ಕು ಮೇಜು, ಒಂದು ಅಡಿಗೆಮನೆ ಇಟ್ಟರೆ ಖಾನಾವಳಿ ಆ ಅಳತೆಯನ್ನು ದಾಟಿಯೇ ಬಿಡುತ್ತದೆ. ಅಂದರೆ ಖಾನಾವಳಿಯವನಿಗೆ ಆ ಕಾಯಿದೆಯ ನೆರಳಿಲ್ಲ. ಅವನಿಗಿರುವ ರಕ್ಷಣೆ ಅವನ ಕರಾರು ಪತ್ರವೊಂದೇ. ಬಾಯಿಮಾತಿನ ಮೇಲೆ ಅಂಗಡಿ ಹಿಡಿಯಬೇಡಿರಿ. ವರ್ಷಗಳ ಲೆಕ್ಕ, ಏರಿಕೆಯ ಲೆಕ್ಕ ಕಾಗದದ ಮೇಲೆ ಬರೆಸಿ ನೋಂದಣಿ ಮಾಡಿಸಿರಿ. ಅಲ್ಲದೆ ಸರಕಾರದ್ದೇ ನೆಲವಿದೆ. ಪುರಸಭೆಯ ಮಳಿಗೆಗಳು, ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ ನಿಲ್ದಾಣಗಳ ಉಪಾಹಾರಗೃಹಗಳು ಜನರ ಆಸ್ತಿ. ಅವುಗಳನ್ನು ಹೆಚ್ಚು ಹಣ ಕೂಗಿದವನಿಗೇ ಕೊಡುವದಾದರೆ ಆ ಹಣವನ್ನು ಅವನು ವಸೂಲು ಮಾಡುವದು ಬಸ್ಸಿಗೆ ಕಾಯುವ ಕೂಲಿಯವನ ತಾಟಿನಿಂದಲೇ. ನಿಲ್ದಾಣಕ್ಕೊಂದರಂತೆ ಒಂದು ಜಾಗವನ್ನಾದರೂ ರೊಟ್ಟಿ ಮಾಡುವ ಹೆಂಗಸರ ಸಹಕಾರಿ ಸಂಘಕ್ಕೆ ಸರಿಯಾದ ಬಾಡಿಗೆಯಲ್ಲಿ ಕೊಡಬೇಕೆಂಬುದು ನಮ್ಮ ಬೇಡಿಕೆಯಾಗಬೇಕು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನು ಆರಂಭವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಡಲು ಸಾಧ್ಯವಾದದ್ದು ಸರಕಾರದ ಸಹಾಯಧನದಿಂದ, ಜೊತೆಗೆ ಸಾರ್ವಜನಿಕ ನೆಲದಿಂದ. ನೆಲ ಸಾರ್ವಜನಿಕವಾದರೆ ಊಟದ ಬೆಲೆ ಇಳಿಯುತ್ತದೆ.

ಎರಡನೆಯದು, ಜೋಳದ ಮಾತು. ನಮ್ಮ ಕಪ್ಪು ನೆಲದಲ್ಲಿ ತೊಗರಿ, ಹತ್ತಿ, ಕಬ್ಬು ಬೆಳೆದಂತೆ ಹಿಂಗಾರಿಯ ಬಿಳಿಜೋಳದ ಹೊಲ ಕಿರಿದಾಗಿದೆ. ಖಾನಾವಳಿಯವನು ವಾರಕ್ಕೊಮ್ಮೆ ಅಂಗಡಿಯಿಂದ ಚೀಲ ತಂದರೆ ಅಡತಿಯವನ ಕಮಿಶನ್ನೂ ಸಾಗಣೆಯೂ ಬಡ್ಡಿಯೂ ಅದರ ಮೇಲೆ ಕೂತಿರುತ್ತವೆ. ಹತ್ತು ಖಾನಾವಳಿಯವರು ಕೂಡಿ ಫೆಬ್ರುವರಿ-ಮಾರ್ಚಿನಲ್ಲಿ ರಾಶಿಯಾಗುವಾಗ ರೈತನ ಕಣದಿಂದಲೇ ವರ್ಷದ ಜೋಳ ಕೊಂಡರೆ ರೈತನಿಗೂ ನಾಲ್ಕು ಕಾಸು ಹೆಚ್ಚು, ಇವರಿಗೂ ನಾಲ್ಕು ಕಾಸು ಉಳಿತಾಯ. ಒಬ್ಬರಿಗೊಬ್ಬರು ಗಿರಾಕಿಗಾಗಿ ಪೈಪೋಟಿ ಮಾಡಲಿ, ಬೇಡವೆನ್ನುವದಿಲ್ಲ. ಆದರೆ ಕೊಳ್ಳುವಾಗ ಒಂದಾಗಲಿ.

ಮೂರನೆಯದು, ದುಡಿಯುವ ಕೈಯ ಮಾತು. ಹೋಟೆಲು ಕೆಲಸಕ್ಕೆ ಸರಕಾರ ಕನಿಷ್ಠ ವೇತನ ಗೊತ್ತುಮಾಡಿದೆ. ಖಾನಾವಳಿ ಸಣ್ಣದು ಎಂಬ ಮಾತಿನ ಹಿಂದೆ ಆ ಕಾಯಿದೆಯನ್ನು ಬಚ್ಚಿಡುವದು ನಡೆಯಬಾರದು. ವ್ಯಾಪಾರಿ ಬಂಧುಗಳು ಇದನ್ನು ಕೇಳಿ ಮುಖ ಗಂಟು ಹಾಕಬಾರದು. ನಿಮ್ಮ ಅಂಗಡಿಗೆ ಗಿರಾಕಿ ಬರುವದು ಫಲಕ ನೋಡಿ ಅಲ್ಲ, ಆ ಹೆಂಗಸಿನ ಕೈಯ ರೊಟ್ಟಿಗಾಗಿ. ಆಕೆ ಹೆದ್ದಾರಿಯ ಹೋಟೆಲಿಗೆ ಹೋದ ದಿನ ನಿಮ್ಮ ಗಿರಾಕಿಯೂ ಹೋಗುತ್ತಾನೆ. ಸಾವಿರಾರು ಮೈಲಿ ದೂರದ ಕಂಪನಿಗೆ ಮ್ಯಾನೇಜರನಿಗೆ ಪಾಲು ಕೊಡುವದು ಲಾಭವೆಂದು ತಿಳಿದಿರುವಾಗ, ರೊಟ್ಟಿ ಬಡಿಯುವವಳಿಗೆ ವರ್ಷದ ಕೊನೆಗೆ ಒಂದು ಪಾಲು ಕೊಡುವದು ನಮಗೇಕೆ ನಷ್ಟವಾದೀತು?

ನಾಲ್ಕನೆಯದು, ಸಾಲದ ಮಾತು. ಸಾಲವಿಲ್ಲದೆ ವ್ಯಾಪಾರ ಬೆಳೆದೀತೆ ಎಂದು ಕೇಳಬಹುದು. ಸಾಲ ಮಾಡಬಾರದೆಂದು ನಾವು ಹೇಳುವದಿಲ್ಲ. ಒಲೆಗೆ, ಭಾಂಡೆಗೆ, ವರ್ಷದ ಜೋಳಕ್ಕೆ ಮಾಡಿದ ಸಾಲ ಒಲೆಯೇ ತೀರಿಸುತ್ತದೆ. ಎರಡನೆಯ ಅಂಗಡಿಯ ಬಾಡಿಗೆಗೆ ಮೊದಲ ಅಂಗಡಿಯ ಮೇಲೆ ಸಾಲ ಮಾಡುವದು, ಮೂರನೆಯದಕ್ಕೆ ಎರಡನೆಯದರ ಮೇಲೆ ಮಾಡುವದು, ಇದು ಬೆಳವಣಿಗೆಯಲ್ಲ. 1,700 ಅಂಗಡಿಯವರಿಗೇ ತಾಳಲಿಕ್ಕೆ ಆಗದ್ದು ನಮಗೆ ತಾಳಿಕೆಯಾಗುವದಿಲ್ಲ.

ಇವೆಲ್ಲ ಆಗುವ ಮಾತೇ ಎಂದು ಅನುಮಾನ ಪಡುವವರಿಗೆ ನಮ್ಮ ಜಿಲ್ಲೆಯದೇ ಸುದ್ದಿ ಹೇಳಿ ಮುಗಿಸುತ್ತೇವೆ. ಇಲ್ಲಿಯ ಹೆಂಗಸರು ಸಹಕಾರಿ ಸಂಘ ಕಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಜೋಳದ ರೊಟ್ಟಿ ಮಾರತೊಡಗಿದ್ದಾರೆ. ದಿನಕ್ಕೆ 3,000ಕ್ಕಿಂತ ಹೆಚ್ಚು ರೊಟ್ಟಿ ಆಗುತ್ತಿದ್ದ ಈ ಕೆಲಸವನ್ನು 2025ರ ಜೂನ್ ತಿಂಗಳ ಬಾನುಲಿ ಭಾಷಣದಲ್ಲಿ ಪ್ರಧಾನ ಮಂತ್ರಿಗಳೂ ಹೆಸರಿಸಿದರು. ಬೆಂಗಳೂರಿನಲ್ಲಿ ಅದಕ್ಕೊಂದು ಮಾರಾಟದ ಕಟ್ಟೆಯೂ ಆಗಿತ್ತು. ಹೊಗಳಿಕೆ ಸಂತೋಷವೇ. ಆದರೆ ಹೊಗಳಿಕೆ ತವೆಯನ್ನು ಕಾಯಿಸುವದಿಲ್ಲ. ಈ ರೊಟ್ಟಿಗೆ ಜೋಳ ಯಾವ ಬೆಲೆಗೆ ಸಿಗುತ್ತದೆ, ಮಾರುವ ಜಾಗ ಯಾರ ಹೆಸರಿನಲ್ಲಿರುತ್ತದೆ, ಉಳಿದ ಹಣ ಯಾರ ಸೆರಗಿನಲ್ಲಿ ಬೀಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ತಿಂಗಳೂ ಸಂಘದ ಸಭೆಯಲ್ಲಿ ಕೇಳಬೇಕು. ಆ ಮೂರಕ್ಕೂ ಬಡಿಯುವವರ ಪರವಾಗಿ ಉತ್ತರ ಬಂದರೆ ಇದು ಬಾಳುತ್ತದೆ. ಬರದಿದ್ದರೆ ಹೆಸರು ಉಳಿದೀತು, ರೊಟ್ಟಿ ಬೇರೆಯವರದಾದೀತು.

ಖಾನಾವಳಿ ನಡೆಸುವ ವ್ಯಾಪಾರಿಗೂ, ಅದರಲ್ಲಿ ದುಡಿಯುವ ಹೆಂಗಸಿಗೂ, ಅಲ್ಲಿ ಉಣ್ಣುವ ಕಾರ್ಮಿಕನಿಗೂ ತಾಟು ಒಂದೇ. ಆ ತಾಟಿನಿಂದ ಮೊದಲ ತುತ್ತು ಎತ್ತುವವನು ಈ ಮೂವರಲ್ಲಿ ಯಾರೂ ಅಲ್ಲ. ನೆಲದ ಒಡೆಯ, ಸಾಲದ ಒಡೆಯ. ಮುಂದಿನ ತಿಂಗಳು ಪುರಸಭೆಯ ಮಳಿಗೆಗಳ ಮಾತು, ಬಸ್ ನಿಲ್ದಾಣದ ಮಾತು ಎಲ್ಲಿ ಬಂದರೂ ಮೂವರೂ ಕೂಡಿಯೇ ಹೋಗಿರಿ. ವ್ಯಾಪಾರಿ ಒಂದು ಅರ್ಜಿ, ಕಾರ್ಮಿಕ ಒಂದು ಅರ್ಜಿ ಎಂದು ಬೇರೆ ಬೇರೆ ಕೊಡಬೇಡಿರಿ. ಒಂದೇ ಅರ್ಜಿ ಬರೆಯಿರಿ, ಕೆಳಗೆ ಎಲ್ಲರೂ ರುಜು ಹಾಕಿರಿ; ರುಜು ಬಾರದವರು ಹೆಬ್ಬೆಟ್ಟು ಒತ್ತಲಿ. ರೊಟ್ಟಿ ಬಡಿದ ಬೆರಳಿನ ಆ ಗುರುತಿಗೆ ಯಾವ ರುಜುವಿಗಿಂತಲೂ ಕಡಿಮೆ ಬೆಲೆಯಿಲ್ಲ.